ಫಾರ್ಮ್ಯಾಟ್ ಹೊಡೆಯುವ ಮುನ್ನ

‘ಸಿಸ್ಟಂ ಆನ್ ಆಗ್ತಾ ಇಲ್ಲ’ ಎಂಬ ಒಂದೇ ದೂರಿನೊಳಗೆ ಕನಿಷ್ಠ ನಾಲ್ಕು ಬೇರೆ ಬೇರೆ ತೊಂದರೆಗಳು ಅಡಗಿರುತ್ತವೆ. ಗುಂಡಿ ಒತ್ತಿದರೆ ದೀಪವೇ ಹೊತ್ತದಿರುವುದು ಒಂದು. ದೀಪ ಹೊತ್ತಿ, ಫ್ಯಾನ್ ತಿರುಗಿ, ಪರದೆ ಮಾತ್ರ ಕಪ್ಪಾಗಿಯೇ ಉಳಿಯುವುದು ಇನ್ನೊಂದು. ಕಂಪನಿಯ ಲೋಗೋ ಬಂದು, ಬಿಳಿ ಅಕ್ಷರಗಳ ಒಂದು ಸಾಲು ಮೂಡಿ ಅಲ್ಲಿಗೇ ನಿಲ್ಲುವುದು ಮತ್ತೊಂದು. ವಿಂಡೋಸ್‌ನ ಚುಕ್ಕಿಗಳು ಒಂದಷ್ಟು ಹೊತ್ತು ಸುತ್ತಿ, ನೀಲಿ ಪರದೆ ಬಂದು, ಯಂತ್ರ ತಾನಾಗಿ ಮತ್ತೆ ಮೊದಲಿನಿಂದ ಶುರುವಾಗುವುದು ಮಗದೊಂದು. ಕಂಪ್ಯೂಟರ್ ಹೊತ್ತು ತಂದವರಿಗೆ ಇವೆಲ್ಲ ಒಂದೇ, ಏಕೆಂದರೆ ನಾಲ್ಕರಲ್ಲೂ ಕೆಲಸ ನಿಂತಿದೆ. ರಿಪೇರಿ ಮಾಡುವವರೂ ಎಷ್ಟೋ ಸಲ ಎಲ್ಲಕ್ಕೂ ಒಂದೇ ಮದ್ದು ಅರೆಯುತ್ತಾರೆ: ‘ವಿಂಡೋಸ್ ಹೋಗಿದೆ, ಫಾರ್ಮ್ಯಾಟ್ ಹೊಡೀಬೇಕು.’ ಅಂಗಡಿಯಲ್ಲಷ್ಟೇ ಅಲ್ಲ, ಕಾಲೇಜಿನ ಲ್ಯಾಬಿನಲ್ಲಿ, ಕಚೇರಿಗಳಲ್ಲಿ, ಕಂಪ್ಯೂಟರ್ ಬಲ್ಲ ನೆಂಟರ ಹುಡುಗನ ಬಾಯಲ್ಲಿ ಕೂಡ ಇದೇ ಮಾತು. ಈ ರೂಢಿ ತಪ್ಪು ಎಂದು ತೋರಿಸುವುದು ಈ ಲೇಖನದ ಉದ್ದೇಶ. ಓಎಸ್, ಅಂದರೆ ವಿಂಡೋಸ್‌ನಂಥ ಕಾರ್ಯಾಚರಣ ವ್ಯವಸ್ಥೆ, ಏಳಲಿಲ್ಲ ಎಂದ ಮಾತ್ರಕ್ಕೆ ಡಿಸ್ಕಿನಲ್ಲಿರುವ ಫೈಲುಗಳು ಹೋದವು ಎಂದು ಅರ್ಥವಲ್ಲ. ಅವು ಇದ್ದಲ್ಲೇ ಇರುವ ಸಾಧ್ಯತೆಯೇ ಹೆಚ್ಚು. ಏಳುವ ಹಾದಿಯಲ್ಲಿ ಯಂತ್ರ ಎಲ್ಲಿ ಮುಗ್ಗರಿಸಿತು ಎಂಬುದು ಗೊತ್ತಾಗುವ ತನಕ, ಬೇಕಾದ ಫೈಲುಗಳನ್ನು ಹೊರಗೆ ತೆಗೆದಿಡುವ ತನಕ, ಆ ಡಿಸ್ಕಿನ ಮೇಲೆ ಏನನ್ನೂ ಬರೆಯಕೂಡದು.

ಇದಕ್ಕೆ ಇತ್ತೀಚಿನ ಕಾಲದ ಅತಿದೊಡ್ಡ ಸಾಕ್ಷಿ 2024ರ ಜುಲೈ 19ರ ಶುಕ್ರವಾರ. ಅಂದು ಭಾರತದ ಗಡಿಯಾರದಲ್ಲಿ ಬೆಳಿಗ್ಗೆ 9 ಗಂಟೆ 39 ನಿಮಿಷಕ್ಕೆ ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಂಸ್ಥೆ ತನ್ನ ಫಾಲ್ಕನ್ ತಂತ್ರಾಂಶಕ್ಕೆ ಒಂದು ಪುಟ್ಟ ಫೈಲನ್ನು ಕಳಿಸಿತು. 78 ನಿಮಿಷಗಳ ನಂತರ ತಪ್ಪು ಅರಿವಾಗಿ ಅದನ್ನು ಹಿಂತೆಗೆದುಕೊಂಡಿತು. ಅಷ್ಟರಲ್ಲಿ, ಮೈಕ್ರೋಸಾಫ್ಟ್ ಅಂದಾಜಿನ ಪ್ರಕಾರ, 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ಮಲಗಿದ್ದವು. ಜಗತ್ತಿನ ಒಟ್ಟು ವಿಂಡೋಸ್ ಯಂತ್ರಗಳಲ್ಲಿ ಇದು ಶೇ. 1ಕ್ಕಿಂತ ಕಡಿಮೆಯಾದರೂ ಅವು ಇದ್ದದ್ದು ವಿಮಾನಯಾನ, ಆಸ್ಪತ್ರೆ, ಬ್ಯಾಂಕುಗಳಂಥ ಕಡೆ. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲಿ ಬರೆದು ಕೊಡಬೇಕಾಯಿತು. ಕಾರಣ ಬಹಳ ಸಣ್ಣದು. ಫೈಲನ್ನು ಓದುವ ತಂತ್ರಾಂಶಕ್ಕೆ 20 ಅಂಶಗಳಷ್ಟೇ ಒದಗುತ್ತಿದ್ದವು, ಹೊಸ ಫೈಲು 21ನೆಯದನ್ನೂ ನೋಡಲು ಹೇಳಿತು. ಇಲ್ಲದ ಜಾಗಕ್ಕೆ ಕೈ ಹಾಕಿದ ತಂತ್ರಾಂಶ ಕುಸಿಯಿತು. ಅದು ವಿಂಡೋಸ್‌ನ ಗರ್ಭದಲ್ಲೇ, ಅಂದರೆ ಕರ್ನಲ್ ಮಟ್ಟದಲ್ಲಿ ಓಡುವಂಥದ್ದು, ಜೊತೆಗೆ ಯಂತ್ರ ಏಳುವಾಗಲೇ ಎಚ್ಚರಗೊಳ್ಳುವಂಥದ್ದು. ಹಾಗಾಗಿ ಪ್ರತಿ ಸಲ ಏಳುವಾಗಲೂ ಅದೇ ಕುಸಿತ.

ಪರಿಹಾರವೂ ಅಷ್ಟೇ ಸಣ್ಣದಾಗಿತ್ತು. ಯಂತ್ರವನ್ನು ಸೇಫ್ ಮೋಡ್‌ನಲ್ಲೋ ರಿಕವರಿ ಪರದೆಯಲ್ಲೋ ತೆರೆದು, ವಿಂಡೋಸ್‌ನ ಡ್ರೈವರ್‌ಗಳ ಫೋಲ್ಡರಿನೊಳಗೆ ಆ ಸಂಸ್ಥೆಯ ಹೆಸರಿನ ಫೋಲ್ಡರಿಗೆ ಹೋಗಿ, 291ನೇ ಸಂಖ್ಯೆಯ ಆ ಒಂದು ಫೈಲನ್ನು ಅಳಿಸಿ, ಮತ್ತೆ ಆನ್ ಮಾಡುವುದು. ಇಷ್ಟು ಮಾಡಿದರೆ ಎಲ್ಲವೂ ಇದ್ದ ಹಾಗೇ ಎದ್ದು ಬರುತ್ತಿತ್ತು. ಕೆಲವು ಯಂತ್ರಗಳನ್ನು ಹತ್ತಾರು ಸಲ ಆಫ್-ಆನ್ ಮಾಡಿದ್ದೇ ಸಾಕಾಯಿತು. ಮೈಕ್ರೋಸಾಫ್ಟ್ ತನ್ನ ಕ್ಲೌಡ್ ಗ್ರಾಹಕರಲ್ಲಿ ಕೆಲವರಿಗೆ 15 ಸಲದವರೆಗೂ ಬೇಕಾಯಿತು ಎಂದು ತಿಳಿಸಿತ್ತು. ಜುಲೈ 29ರ ಹೊತ್ತಿಗೆ ಶೇ. 99ರಷ್ಟು ಯಂತ್ರಗಳು ಮತ್ತೆ ಸಂಪರ್ಕಕ್ಕೆ ಬಂದಿವೆ ಎಂದು ಕ್ರೌಡ್‌ಸ್ಟ್ರೈಕ್ ಹೇಳಿತು. ಈ ಘಟನೆಯನ್ನು ತಂತ್ರಾಂಶ ಪರೀಕ್ಷೆಯ ಲೋಪಕ್ಕೆ ಉದಾಹರಣೆಯಾಗಿ ಬಹಳ ಮಂದಿ ಚರ್ಚಿಸಿದ್ದಾರೆ, ಅದು ಸರಿಯೇ. ನಮ್ಮ ಪ್ರಶ್ನೆಗೆ ಮುಖ್ಯವಾದದ್ದು ಬೇರೆ. 85 ಲಕ್ಷ ಯಂತ್ರಗಳು ಏಳಲು ನಿರಾಕರಿಸಿದಾಗ ಆ ಫೈಲು ಯಾವ ಡಿಸ್ಕಿನ ದತ್ತಾಂಶವನ್ನೂ ಮುಟ್ಟಿರಲಿಲ್ಲ. ಫಾರ್ಮ್ಯಾಟ್ ಹೊಡೆದಿದ್ದರೂ ಅವು ಏಳುತ್ತಿದ್ದವು ನಿಜ. ಆದರೆ ಒಂದು ಫೈಲು ಅಳಿಸುವ ಜಾಗದಲ್ಲಿ ಎಲ್ಲವನ್ನೂ ಅಳಿಸಿದಂತಾಗುತ್ತಿತ್ತು.

ಯಂತ್ರ ಏಳುವ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ ಇದು ಏಕೆ ಹೀಗೆ ಎಂಬುದು ಸ್ಪಷ್ಟವಾಗುತ್ತದೆ. ‘ಬೂಟ್’ ಎಂಬ ಪದ ಬಂದದ್ದು ತನ್ನ ಬೂಟಿನ ಪಟ್ಟಿಯನ್ನು ತಾನೇ ಹಿಡಿದು ತನ್ನನ್ನೇ ಮೇಲೆತ್ತಿಕೊಳ್ಳುವುದು ಎಂಬ ಇಂಗ್ಲಿಷ್ ಮಾತಿನಿಂದ. ವಿದ್ಯುತ್ ಬಂದ ಕ್ಷಣದಲ್ಲಿ ಪ್ರೊಸೆಸರಿಗೆ ವಿಂಡೋಸ್ ಎಂದರೇನು, ಡಿಸ್ಕ್ ಎಂದರೇನು ಎಂಬುದೇ ಗೊತ್ತಿರುವುದಿಲ್ಲ. ಮದರ್‌ಬೋರ್ಡಿನ ಚಿಪ್‌ನಲ್ಲಿರುವ ಫರ್ಮ್‌ವೇರ್ ಮೊದಲು ಎಚ್ಚರಗೊಂಡು ರ‍್ಯಾಮ್, ಕೀಬೋರ್ಡ್, ಡಿಸ್ಕ್‌ಗಳ ಹಾಜರಿ ತೆಗೆದುಕೊಳ್ಳುತ್ತದೆ. ಹಳೆಯ ಬಯೋಸ್ ಪದ್ಧತಿಯಲ್ಲಿ ಅದು ಡಿಸ್ಕಿನ ಮೊಟ್ಟಮೊದಲ 512 ಬೈಟ್‌ಗಳನ್ನು ಓದಿ, ಅಲ್ಲಿರುವ ಸೂಚನೆಗಳಿಗೆ ಅಧಿಕಾರ ಹಸ್ತಾಂತರಿಸುತ್ತಿತ್ತು. ಆ 512ರಲ್ಲಿ ಸೂಚನೆಗಳಿಗೆ ಸಿಗುವುದು 446 ಬೈಟ್. ಡಿಸ್ಕ್ ಯಾವ್ಯಾವ ಭಾಗಗಳಾಗಿ ಹಂಚಿಕೆಯಾಗಿದೆ ಎಂಬ ಪಟ್ಟಿಗೆ 64 ಬೈಟ್. ‘ಇದು ಸರಿಯಾದ ಜಾಗ’ ಎಂಬ ಗುರುತಿಗೆ 2 ಬೈಟ್. ಇಂದಿನ ಸಾಮಾನ್ಯ ಯೂನಿಕೋಡ್ ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟ್ ಬೇಕು. ಅಂದರೆ 446 ಬೈಟ್‌ನಲ್ಲಿ ಒಂದು ಅಂಚೆ ಕಾರ್ಡಿನ ಮೂರ್ನಾಲ್ಕು ಸಾಲು ಬರೆಯಬಹುದು. ಅಷ್ಟು ಸಣ್ಣ ಜಾಗದಲ್ಲಿ ಕೂತ ಸೂಚನೆ ಕೆಟ್ಟರೆ ಸಾವಿರ ಜಿಬಿಯ ಡಿಸ್ಕ್ ‘ಖಾಲಿ’ ಎನಿಸಿಕೊಳ್ಳುತ್ತದೆ. ಮನೆಯೊಳಗೆ ಸಾಮಾನೆಲ್ಲ ಇದ್ದ ಹಾಗೇ ಇದೆ, ಬಾಗಿಲಿನ ಚಿಲಕ ಮಾತ್ರ ಸಿಕ್ಕಿಕೊಂಡಿದೆ.

ಈಗಿನ ಯುಇಎಫ್‌ಐ ಪದ್ಧತಿ ಇದಕ್ಕಿಂತ ಗಟ್ಟಿ. ಡಿಸ್ಕಿನಲ್ಲಿ ಸಾಮಾನ್ಯವಾಗಿ 100 ಎಂಬಿ ಆಸುಪಾಸಿನ ಒಂದು ಪ್ರತ್ಯೇಕ ಭಾಗ ಇರುತ್ತದೆ. ಓಎಸ್‌ನ ಏಳಿಸುವ ಫೈಲುಗಳು ಅಲ್ಲಿ ಕೂತಿರುತ್ತವೆ. ವಿಭಾಗಗಳ ಪಟ್ಟಿಯ ಒಂದು ನಕಲು ಡಿಸ್ಕಿನ ಕೊನೆಯಲ್ಲೂ ಇರುತ್ತದೆ. ಫರ್ಮ್‌ವೇರ್ ಅಲ್ಲಿರುವ ಬೂಟ್ ಮ್ಯಾನೇಜರನ್ನು ಕರೆಯುತ್ತದೆ, ಅದು ಓಎಸ್ ಲೋಡರನ್ನು, ಅದು ಕರ್ನಲನ್ನು, ಕರ್ನಲ್ ಡ್ರೈವರ್‌ಗಳನ್ನು, ಕೊನೆಗೆ ಲಾಗಿನ್ ಪರದೆ. ಹೀಗೆ ಒಬ್ಬರು ಇನ್ನೊಬ್ಬರನ್ನು ಎಬ್ಬಿಸುವ ಸರಪಳಿ ಇದು. ಬಳಕೆದಾರರ ಫೋಟೋ, ಲೆಕ್ಕಪತ್ರ, ಹಸ್ತಪ್ರತಿ ಯಾವುದಕ್ಕೂ ಈ ಸರಪಳಿಯಲ್ಲಿ ಪಾತ್ರವಿಲ್ಲ. ಒಂದು ಕೊಂಡಿ ಕಳಚಿದರೆ ಅದರ ಮುಂದಿನ ಕೊಂಡಿಗಳು ಎಚ್ಚರಗೊಳ್ಳುವುದಿಲ್ಲ, ಅಷ್ಟೇ. ಯಾವ ಕೊಂಡಿ ಎಂಬುದನ್ನು ಪರದೆಯೇ ಹೇಳುತ್ತದೆ, ಆದ್ದರಿಂದ ಮೊದಲು ಮಾಡಬೇಕಾದ ಕೆಲಸ ಮೊಬೈಲಿನಲ್ಲಿ ಆ ಪರದೆಯ ಫೋಟೋ ತೆಗೆಯುವುದು. ಲೋಗೋಗಿಂತ ಮೊದಲೇ ನಿಂತಿದ್ದರೆ ವಿಂಡೋಸ್‌ಗೆ ಇನ್ನೂ ಕರೆಯೇ ಹೋಗಿಲ್ಲ. ಅದನ್ನು ಮರುಹಾಕಿ ಪ್ರಯೋಜನವಿಲ್ಲ. ‘ಬೂಟ್ ಮಾಡಬಲ್ಲ ಸಾಧನ ಸಿಗಲಿಲ್ಲ’ ಎಂಬ ಅರ್ಥದ ಸಾಲು ಬಂದರೆ ಫರ್ಮ್‌ವೇರ್‌ಗೆ ಡಿಸ್ಕ್ ಕಾಣುತ್ತಿಲ್ಲ ಅಥವಾ ಡಿಸ್ಕಿನಲ್ಲಿ ಏಳಿಸುವ ಫೈಲು ಕಾಣುತ್ತಿಲ್ಲ. ನೀಲಿ ಪರದೆ ಬಂದರೆ ಕರ್ನಲ್ ಎದ್ದಿದೆ, ಅದಾದ ಮೇಲೆ ಏನೋ ಕೆಟ್ಟಿದೆ. ಕಪ್ಪು ಪರದೆಯಲ್ಲಿ ಮೌಸಿನ ಬಾಣ ಓಡಾಡುತ್ತಿದ್ದರೆ ಹೆಚ್ಚುಕಡಿಮೆ ಎಲ್ಲವೂ ಎದ್ದಿದೆ, ಡೆಸ್ಕ್‌ಟಾಪ್ ಮಾತ್ರ ಬಂದಿಲ್ಲ.

ಮೊದಲ ಕೊಂಡಿಗಳಲ್ಲಿ ಆಗುವ ತೊಂದರೆಗಳು ಅಗ್ಗದವು, ಅದಕ್ಕೇ ಅವುಗಳನ್ನು ಕಡೆಗಣಿಸುವುದು ಹೆಚ್ಚು ನೋವಿನ ಸಂಗತಿ. ರ‍್ಯಾಮ್ ತೆಗೆದು, ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ ಮತ್ತೆ ಕೂರಿಸುವುದು ನಮ್ಮ ಮೆಕ್ಯಾನಿಕ್‌ಗಳ ಹಳೆಯ ವಿದ್ಯೆ. ಕಪ್ಪು ಪರದೆಯ ಎಷ್ಟೋ ಪ್ರಕರಣಗಳು ಅಲ್ಲಿಗೇ ಮುಗಿಯುತ್ತವೆ. ಯುಎಸ್‌ಬಿಯಲ್ಲಿ ಮರೆತುಹೋದ ಪೆನ್‌ಡ್ರೈವ್‌ನಿಂದ ಏಳಲು ಯಂತ್ರ ಹೆಣಗುತ್ತಿರುವುದೂ ಉಂಟು. ಅದನ್ನು ಕಿತ್ತರೆ ಮುಗಿಯಿತು. ಇವೆಲ್ಲಕ್ಕಿಂತ ಗಮನಿಸಬೇಕಾದದ್ದು ಮದರ್‌ಬೋರ್ಡಿನ ಮೇಲಿನ ಬಿಲ್ಲೆಯಾಕಾರದ ಸೆಲ್. 3 ವೋಲ್ಟಿನ ಈ ಸೆಲ್ ಗಡಿಯಾರವನ್ನು ಓಡಿಸುತ್ತದೆ; ಹಲವು ಡೆಸ್ಕ್‌ಟಾಪ್‌ಗಳಲ್ಲಿ ಬಯೋಸ್ ಸೆಟ್ಟಿಂಗ್‌ಗಳನ್ನೂ ಕಾಯುತ್ತದೆ. ಅದು ಸತ್ತರೆ ತಾರೀಖು ವರ್ಷಗಳಷ್ಟು ಹಿಂದಕ್ಕೆ ಹೋಗುತ್ತದೆ, ಸೆಟ್ಟಿಂಗ್‌ಗಳು ಕಾರ್ಖಾನೆಯಿಂದ ಬಂದಾಗಿನ ಸ್ಥಿತಿಗೆ ಮರಳುತ್ತವೆ. ಡಿಸ್ಕನ್ನು ಯಾವ ವಿಧಾನದಲ್ಲಿ ಮಾತಾಡಿಸಬೇಕು ಎಂಬ ಸೆಟ್ಟಿಂಗ್ ಹೀಗೆ ರೇಡ್‌ನಿಂದ ಎಎಚ್‌ಸಿಐಗೋ ಎಎಚ್‌ಸಿಐಯಿಂದ ರೇಡ್‌ಗೋ ಬದಲಾದರೆ, ವಿಂಡೋಸ್ ಅರ್ಧ ಎದ್ದು, ತನ್ನದೇ ಡಿಸ್ಕನ್ನು ತಲುಪಲಾಗದೆ, ‘ಬೂಟ್ ಸಾಧನ ಎಟುಕುತ್ತಿಲ್ಲ’ ಎಂಬ ನೀಲಿ ಪರದೆ ತೋರುತ್ತದೆ. ನೋಡಿದವರಿಗೆ ವಿಂಡೋಸೇ ಕೆಟ್ಟಂತೆ ಕಾಣುವುದು ಸಹಜ. ಸೆಲ್ ಬದಲಿಸಿ, ಸೆಟ್ಟಿಂಗನ್ನು ಮೊದಲಿದ್ದಂತೆ ಇಟ್ಟರೆ ಯಂತ್ರ ಏನೂ ಆಗದಂತೆ ಏಳುತ್ತದೆ. ಇಲ್ಲಿ ಫಾರ್ಮ್ಯಾಟ್ ಮಾಡಿದರೂ ಏಳುತ್ತದೆ, ಏಕೆಂದರೆ ಹೊಸ ವಿಂಡೋಸ್ ಹೊಸ ಸೆಟ್ಟಿಂಗಿಗೆ ಹೊಂದಿಕೊಳ್ಳುತ್ತದೆ. ತಪ್ಪು ಮದ್ದಿಗೂ ಗುಣ ಕಂಡಂತಾಗಿ, ಆ ಮದ್ದಿನ ಮೇಲಿನ ನಂಬಿಕೆ ಇನ್ನಷ್ಟು ಬೇರೂರುತ್ತದೆ.

ನಡುವಿನ ಕೊಂಡಿಯ ಕತೆಗಳು ಬಹಳ ಹಳೆಯವು. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ‘ಎನ್‌ಟಿಎಲ್‌ಡಿಆರ್ ಕಾಣೆಯಾಗಿದೆ’ ಎಂಬ ಸಂದೇಶ ಮನೆಮಾತಾಗಿತ್ತು. ಸಿಡಿಯಿಂದ ಎರಡು ಫೈಲು, ಎರಡೂ ಸೇರಿ 300 ಕೆಬಿಯಷ್ಟು, ನಕಲು ಮಾಡಿದರೆ ಪರಿಹಾರ. ಲಿನಕ್ಸ್ ಮತ್ತು ವಿಂಡೋಸ್ ಎರಡನ್ನೂ ಹಾಕಿಕೊಂಡ ವಿದ್ಯಾರ್ಥಿಗಳು ಜಾಗ ಸಾಲದೆ ಲಿನಕ್ಸ್ ಭಾಗವನ್ನು ಅಳಿಸಿದಾಗ ‘ಗ್ರಬ್ ರೆಸ್ಕ್ಯೂ’ ಎಂಬ ಒಂಟಿ ಸಾಲು ಎದುರಾಗುತ್ತದೆ. ಲಿನಕ್ಸನ್ನು ಏಳಿಸುವ ಗ್ರಬ್ ಎಂಬ ತಂತ್ರಾಂಶದ ಮೊದಲ ತುಣುಕು ಬೇರೆ ಜಾಗದಲ್ಲಿ ಉಳಿದಿದೆ, ಅದು ಹುಡುಕುವ ಉಳಿದ ತುಣುಕುಗಳು ಅಳಿಸಿದ ಭಾಗದೊಂದಿಗೆ ಹೋಗಿವೆ. ವಿಂಡೋಸ್ ಪಕ್ಕದಲ್ಲೇ ಕ್ಷೇಮವಾಗಿದೆ. 2024ರ ಆಗಸ್ಟ್ 13ರ ವಿಂಡೋಸ್ ಅಪ್‌ಡೇಟ್ ಇದರ ತಿರುವುಮುರುವು ಮಾಡಿತು. ಭದ್ರತೆಯ ದೃಷ್ಟಿಯಿಂದ ಹಳೆಯ ಬೂಟ್‌ಲೋಡರ್‌ಗಳನ್ನು ತಡೆಯುವ ಒಂದು ಪಟ್ಟಿಯನ್ನು ಅದು ಜಾರಿಗೆ ತಂದಿತು. ಎರಡೂ ಓಎಸ್ ಇರುವ ಯಂತ್ರಗಳಿಗೆ ಇದು ತಟ್ಟಬಾರದಿತ್ತು, ಆದರೂ ಹಲವು ಯಂತ್ರಗಳಲ್ಲಿ ಲಿನಕ್ಸ್ ‘ಏನೋ ಗಂಭೀರವಾಗಿ ಕೆಟ್ಟಿದೆ’ ಎಂಬ ಅರ್ಥದ ಸಂದೇಶದೊಂದಿಗೆ ನಿಂತುಹೋಯಿತು. ಫರ್ಮ್‌ವೇರಿನ ಈ ತಡೆಯನ್ನು, ಅಂದರೆ ಸೆಕ್ಯೂರ್ ಬೂಟನ್ನು, ತಾತ್ಕಾಲಿಕವಾಗಿ ನಿಲ್ಲಿಸಿ, ಲಿನಕ್ಸಿನೊಳಗೆ ಹೋಗಿ ಆ ಪಟ್ಟಿಯನ್ನು ತೆಗೆದರೆ ಸಾಕಿತ್ತು. ಲಿನಕ್ಸ್ ಭಾಗದ ಒಂದು ಫೈಲೂ ಹಾಳಾಗಿರಲಿಲ್ಲ.

ಫಾರ್ಮ್ಯಾಟ್‌ನಷ್ಟೇ ಅಪಾಯಕಾರಿಯಾದ ಇನ್ನೊಂದು ರೂಢಿಯೂ ಇದೆ: ಎಲ್ಲೋ ನೋಡಿದ ನಾಲ್ಕೈದು ಆದೇಶಗಳನ್ನು ಸಾಲಾಗಿ ಟೈಪ್ ಮಾಡುವುದು. ‘ಬೂಟ್‌ರೆಕ್’ ಆದೇಶದ ಮೂರು ನಾಲ್ಕು ರೂಪಗಳು ಎಲ್ಲರ ನಾಲಿಗೆಯ ಮೇಲಿವೆ. ಅವುಗಳಲ್ಲಿ ಮೊದಲ 512 ಬೈಟ್‌ಗಳನ್ನು ದುರಸ್ತಿ ಮಾಡುವ ರೂಪ ಬಯೋಸ್ ಕಾಲದ್ದು. ಯುಇಎಫ್‌ಐ ಯಂತ್ರ ಏಳಲು ಅದರಿಂದ ಪ್ರಯೋಜನವಿಲ್ಲ. ಅಲ್ಲಿ ಬೇಕಾದದ್ದು ‘ಬಿಸಿಡಿಬೂಟ್’. ವಿಂಡೋಸ್ ಫೋಲ್ಡರಿನಲ್ಲಿ ಇರುವ ಮೂಲ ಪ್ರತಿಗಳಿಂದ ಅದು ಏಳಿಸುವ ಫೈಲುಗಳನ್ನು ಹೊಸದಾಗಿ ಹಾಕುತ್ತದೆ. ಹೆಚ್ಚು ಎಚ್ಚರ ಬೇಕಿರುವುದು ಡಿಸ್ಕನ್ನು ಪರೀಕ್ಷಿಸಿ ಸರಿಪಡಿಸುವ ‘ಚೆಕ್‌ಡಿಸ್ಕ್’ ವಿಷಯದಲ್ಲಿ. ಹಾರ್ಡ್‌ಡಿಸ್ಕ್ ಟಕ್ ಟಕ್ ಎಂದು ಸದ್ದು ಮಾಡುತ್ತಿದ್ದರೆ, ಒಂದು ಫೋಲ್ಡರ್ ತೆರೆಯಲು ನಿಮಿಷಗಟ್ಟಲೆ ತೆಗೆದುಕೊಳ್ಳುತ್ತಿದ್ದರೆ, ಅದು ಯಾಂತ್ರಿಕವಾಗಿ ಸಾಯುತ್ತಿರುವ ಡಿಸ್ಕ್. ಅದರ ಮೇಲೆ ಗಂಟೆಗಟ್ಟಲೆ ಪರೀಕ್ಷೆ ಓಡಿಸುವುದು ಎದೆನೋವಿನ ರೋಗಿಯನ್ನು ಮೆಟ್ಟಿಲು ಹತ್ತಿಸಿ ನೋಡಿದ ಹಾಗೆ. ಸ್ಪೇನಿನ ಆಂಟೋನಿಯೊ ಡಿಯಾಸ್ ಡಿಯಾಸ್ ಬರೆದ ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶ ಇಂಥ ಡಿಸ್ಕಿಗೆಂದೇ ಇದೆ. ಸುಲಭವಾಗಿ ಓದಲು ಬರುವ ಭಾಗಗಳನ್ನು ಅದು ಮೊದಲು ಇನ್ನೊಂದು ಡಿಸ್ಕಿಗೆ ನಕಲು ಮಾಡುತ್ತದೆ, ಹಠ ಮಾಡುವ ಭಾಗಗಳಿಗೆ ಆಮೇಲೆ ಬರುತ್ತದೆ, ಎಲ್ಲಿಯವರೆಗೆ ಆಯಿತೆಂದು ಬರೆದಿಟ್ಟುಕೊಳ್ಳುತ್ತದೆ. ದುರಸ್ತಿಯ ಪ್ರಯೋಗಗಳೆಲ್ಲ ಆ ನಕಲಿನ ಮೇಲೆ ನಡೆಯಬೇಕು.

ಕೆಟ್ಟ ಯಂತ್ರವನ್ನು ಹೊರಗಿನಿಂದ ತೆರೆಯಬಹುದು ಎಂಬ ತಿಳಿವಳಿಕೆ ಹರಡಿದ್ದು 2000ದ ನಂತರ. ಜರ್ಮನಿಯ ಕ್ಲೌಸ್ ಕ್ನೊಪ್ಪರ್ ಆ ವರ್ಷ ಹೊರತಂದ ಕ್ನೊಪಿಕ್ಸ್, ಡಿಸ್ಕಿಗೆ ಏನನ್ನೂ ಹಾಕದೆ ಸಿಡಿಯಿಂದಲೇ ಓಡುವ ಪೂರ್ಣ ಲಿನಕ್ಸ್ ಆಗಿತ್ತು. ಫ್ರಾನ್ಸಿನ ಕ್ರಿಸ್ಟೋಫ್ ಗ್ರೆನಿಯೆ ಅವರ ಟೆಸ್ಟ್‌ಡಿಸ್ಕ್ ಅಳಿಸಿಹೋದ ವಿಭಾಗಗಳನ್ನು ಹುಡುಕಿ ಪಟ್ಟಿಗೆ ಮರಳಿಸುತ್ತದೆ. ತೈವಾನಿನ ಕ್ಲೋನ್‌ಜಿಲ್ಲಾ ಇಡೀ ಡಿಸ್ಕಿನ ಪ್ರತಿ ತೆಗೆಯುತ್ತದೆ. ಇವೆಲ್ಲ ಉಚಿತ. ಇಂದು ಅಷ್ಟೂ ಸಾಮಗ್ರಿ ಒಂದು 8 ಜಿಬಿ ಪೆನ್‌ಡ್ರೈವಿನಲ್ಲಿ ಕೂರುತ್ತದೆ. ಯಾವುದಾದರೂ ಲೈವ್ ಲಿನಕ್ಸ್ ಪೆನ್‌ಡ್ರೈವಿನಿಂದ ಯಂತ್ರವನ್ನು ಎಬ್ಬಿಸಿದರೆ, ಕೆಟ್ಟ ವಿಂಡೋಸ್ ಮಲಗಿದ್ದ ಹಾಗೇ ಮಲಗಿರುತ್ತದೆ, ಅದರ ಫೋಲ್ಡರುಗಳು ತೆರೆದುಕೊಳ್ಳುತ್ತವೆ. ಇಲ್ಲಿ ಒಂದು ಸೂಕ್ಷ್ಮ ಸಂಗತಿ ಇದೆ. ವಿಂಡೋಸ್ ಪೂರ್ತಿ ಮುಚ್ಚದೆ ಹೈಬರ್ನೇಟ್ ಸ್ಥಿತಿಯಲ್ಲಿದ್ದರೆ ಲಿನಕ್ಸ್ ಆ ಡಿಸ್ಕನ್ನು ಓದಲು ಮಾತ್ರ ಬಿಡುತ್ತದೆ, ಬರೆಯಲು ಬಿಡುವುದಿಲ್ಲ. ಇದನ್ನು ಅಡ್ಡಿಯೆಂದು ಬಗೆದು ಬಲವಂತದಿಂದ ಮೀರುವವರಿದ್ದಾರೆ. ಫೈಲು ಉಳಿಸಿಕೊಳ್ಳಲು ಬಂದವರಿಗೆ ಅದೇ ರಕ್ಷೆ. ಪೆನ್‌ಡ್ರೈವ್ ಬೇಡವೆಂದರೆ ಡಿಸ್ಕನ್ನೇ ಬಿಚ್ಚಿ, ಯುಎಸ್‌ಬಿ ಕೇಸಿಂಗಿಗೆ ಹಾಕಿ, ಇನ್ನೊಂದು ಕಂಪ್ಯೂಟರಿಗೆ ಜೋಡಿಸಬಹುದು. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಕೆಲವು ನೂರು ರೂಪಾಯಿಗೆ ಸಿಗುವ ವಸ್ತು ಅದು.

‘ಈಗ ವಿಂಡೋಸ್ ತನ್ನನ್ನು ತಾನೇ ದುರಸ್ತಿ ಮಾಡಿಕೊಳ್ಳುತ್ತದೆ, ಇಷ್ಟೆಲ್ಲ ಏಕೆ’ ಎಂಬ ಆಕ್ಷೇಪ ಇಲ್ಲಿ ಬರಬಹುದು. ಅದರಲ್ಲಿ ಸತ್ಯಾಂಶವಿದೆ. ವಿಂಡೋಸ್ 7ರ ಕಾಲದಿಂದಲೂ ಡಿಸ್ಕಿನಲ್ಲಿ ಒಂದು ರಿಕವರಿ ವ್ಯವಸ್ಥೆ ಇರುತ್ತದೆ. ಕೆಲವು ಸಲ ಏಳಲು ವಿಫಲವಾದರೆ ವಿಂಡೋಸ್ ತಾನಾಗಿ ಅದನ್ನು ತೆರೆಯುತ್ತದೆ. ಎಫ್8 ಒತ್ತಿ ಸೇಫ್ ಮೋಡಿಗೆ ಹೋಗುವ ಹಳೆಯ ದಾರಿ ವಿಂಡೋಸ್ 8ರೊಂದಿಗೆ ಮರೆಯಾದದ್ದು, ಬೂಟ್ ವೇಗ ಹೆಚ್ಚಿ ಗುಂಡಿ ಒತ್ತಲು 200 ಮಿಲಿಸೆಕೆಂಡೂ ಉಳಿಯದ ಕಾರಣಕ್ಕೆ. ಆದರೆ ಈ ಒಳಗಿನ ವ್ಯವಸ್ಥೆಯನ್ನೇ ಪೂರ್ತಿ ನೆಚ್ಚಿಕೊಳ್ಳಲಾಗದು ಎಂಬುದಕ್ಕೆ ಮೈಕ್ರೋಸಾಫ್ಟ್‌ನ ಸ್ವಂತ ಇತಿಹಾಸವೇ ಸಾಕ್ಷಿ. ವಿಂಡೋಸ್ 10ರ 1803 ಆವೃತ್ತಿಯಿಂದ ವಿಂಡೋಸ್‌ನ ಸೆಟ್ಟಿಂಗ್‌ಗಳಿರುವ ರಿಜಿಸ್ಟ್ರಿಯ ತಾನೇತಾನಾದ ನಕಲು ನಿಂತುಹೋಯಿತು. ಫೋಲ್ಡರ್ ಇರುತ್ತದೆ, ಒಳಗಿನ ಫೈಲುಗಳ ಗಾತ್ರ ಸೊನ್ನೆ. 2024ರ ಜನವರಿಯ ಒಂದು ಅಪ್‌ಡೇಟ್, ರಿಕವರಿ ಭಾಗದಲ್ಲಿ ಜಾಗ ಸಾಲದೆ ಬಹಳಷ್ಟು ಯಂತ್ರಗಳಲ್ಲಿ ವಿಫಲವಾಯಿತು. 2025ರ ಅಕ್ಟೋಬರ್ 14ರ ಅಪ್‌ಡೇಟ್ ನಂತರ ವಿಂಡೋಸ್ 11ರ ರಿಕವರಿ ಪರದೆಯಲ್ಲಿ ಯುಎಸ್‌ಬಿ ಕೀಬೋರ್ಡ್, ಮೌಸ್ ಎರಡೂ ಸ್ಪಂದಿಸದಾದವು. ಒಂದು ವಾರದೊಳಗೆ ತುರ್ತು ತಿದ್ದುಪಡಿ ಕಳಿಸಬೇಕಾಯಿತು. ಕ್ರೌಡ್‌ಸ್ಟ್ರೈಕ್ ಅನಾಹುತದಲ್ಲಿ ರಿಕವರಿ ಪರದೆ ಬಂದಿತ್ತು, ಆದರೆ ಯಾವ ಫೈಲು ಅಳಿಸಬೇಕೆಂದು ಅದಕ್ಕೆ ತಿಳಿದಿರಲಿಲ್ಲ. ಮನುಷ್ಯರು ಯಂತ್ರದಿಂದ ಯಂತ್ರಕ್ಕೆ ನಡೆದು ಹೋಗಬೇಕಾಯಿತು. ಅದಾದ ಮೇಲೆಯೇ, 2024ರ ನವೆಂಬರಿನಲ್ಲಿ, ದೂರದಿಂದ ಇಂಥ ದುರಸ್ತಿ ಕಳಿಸುವ ವ್ಯವಸ್ಥೆಯನ್ನು ಮೈಕ್ರೋಸಾಫ್ಟ್ ಪ್ರಕಟಿಸಿದ್ದು.

ಎರಡನೆಯ ಆಕ್ಷೇಪ ರಿಪೇರಿ ಮಾಡುವವರದ್ದು, ಅದನ್ನು ಗೌರವದಿಂದಲೇ ಕೇಳಬೇಕು. ಫಾರ್ಮ್ಯಾಟ್ ಮಾಡಿ ವಿಂಡೋಸ್ ಹಾಕಲು ಒಂದು ಗಂಟೆ ಸಾಕು, ಕೂಲಿ ನಿಗದಿಯಾಗಿದೆ, ಫಲಿತಾಂಶ ಖಚಿತ. ದೋಷ ಹುಡುಕಲು ಅರ್ಧ ದಿನ ಹಿಡಿದರೆ ಆ ಸಮಯಕ್ಕೆ ಯಾರೂ ದುಡ್ಡು ಕೊಡುವುದಿಲ್ಲ. ಈ ಲೆಕ್ಕ ಅಂಗಡಿಯ ಮಟ್ಟಿಗೆ ಸರಿ. ದತ್ತಾಂಶವೆಲ್ಲ ಸರ್ವರಿನಲ್ಲಿರುವ ದೊಡ್ಡ ಕಚೇರಿಗಳಿಗೂ ಸರಿ. ಅಲ್ಲಿ ಯಂತ್ರವನ್ನು ಒರೆಸಿ ಹೊಸದಾಗಿ ಹಾಕುವುದೇ ಜಾಣತನ. ಸಣ್ಣ ಊರಿನ ಡಿಟಿಪಿ ಅಂಗಡಿಯನ್ನು ನೋಡಿದರೆ ಲೆಕ್ಕ ತಲೆಕೆಳಗಾಗುತ್ತದೆ. ಇಪ್ಪತ್ತು ವರ್ಷಗಳ ಲಗ್ನಪತ್ರಿಕೆ, ಸ್ಮರಣ ಸಂಚಿಕೆ, ಪುಸ್ತಕಗಳು ಅಲ್ಲಿ ನುಡಿ, ಬರಹ, ಶ್ರೀಲಿಪಿಗಳ ಹಳೆಯ ಫಾಂಟುಗಳಲ್ಲಿವೆ, ಯೂನಿಕೋಡಿನಲ್ಲಲ್ಲ. ಆ ಫೈಲುಗಳು ಡಿ ಡ್ರೈವಿನಲ್ಲಿ ಉಳಿಯಬಹುದು, ಫಾಂಟುಗಳು ಇರುವುದು ಸಿ ಡ್ರೈವಿನ ವಿಂಡೋಸ್ ಫೋಲ್ಡರಿನೊಳಗೆ. ಫಾರ್ಮ್ಯಾಟ್ ಆದ ಮರುದಿನ ಒಂದು ಪುಸ್ತಕ ತೆರೆದರೆ ಪುಟದ ತುಂಬ ಅರ್ಥವಿಲ್ಲದ ರೋಮನ್ ಅಕ್ಷರ, ಚಿಹ್ನೆಗಳ ಸಂತೆ. ಫೈಲು ಇದೆ, ಕನ್ನಡ ಇಲ್ಲ. ಅದೇ ಆವೃತ್ತಿಯ ಫಾಂಟು ಮತ್ತೆ ಸಿಗದಿದ್ದರೆ ಪುಟವಿನ್ಯಾಸ ಹಾಗೇ ಮರಳುವುದು ಕಷ್ಟ. ಫಾಂಟುಗಳ ಫೋಲ್ಡರನ್ನು ಮೊದಲೇ ನಕಲು ಮಾಡಿಕೊಳ್ಳಲು ಹಿಡಿಯುವುದು ಕೆಲವೇ ನಿಮಿಷ. ‘ನನ್ನ ಫೈಲುಗಳನ್ನು ಉಳಿಸು’ ಎಂಬ ಆಯ್ಕೆಯ ವಿಂಡೋಸ್ ರೀಸೆಟ್ ಕೂಡ ಬಳಕೆದಾರರ ಫೋಲ್ಡರುಗಳನ್ನು ಉಳಿಸಿ, ನಾವು ಹಾಕಿಕೊಂಡ ತಂತ್ರಾಂಶಗಳನ್ನು ತೆಗೆದುಹಾಕುತ್ತದೆ ಎಂಬುದನ್ನು ಇಲ್ಲಿ ನೆನಪಿಡಬೇಕು.

‘ಸಿ ಡ್ರೈವ್ ಮಾತ್ರ ಫಾರ್ಮ್ಯಾಟ್ ಮಾಡ್ತೀವಿ, ಡಿ ಡ್ರೈವ್‌ಗೆ ಏನೂ ಆಗಲ್ಲ’ ಎಂಬ ಭರವಸೆಯ ತೊಡಕೂ ಇದೇ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಎಲ್ಲವೂ ಸಿ ಡ್ರೈವಿನೊಳಗಿನ ಫೋಲ್ಡರುಗಳು. ಲೆಕ್ಕಪತ್ರದ ತಂತ್ರಾಂಶವಾದ ಟ್ಯಾಲಿ ಪ್ರೈಮ್ ತನ್ನ ಲೆಕ್ಕಗಳನ್ನು, ನಾವು ಬೇರೆ ಜಾಗ ಹೇಳದಿದ್ದರೆ, ಸಿ ಡ್ರೈವಿನಲ್ಲೇ ಇಡುತ್ತದೆ. ‘ಸಿಯಲ್ಲಿ ಏನಾದ್ರೂ ಇದೆಯಾ?’ ಎಂದು ಕೇಳಿದಾಗ ‘ಇಲ್ಲ, ಎಲ್ಲಾ ಡೆಸ್ಕ್‌ಟಾಪ್ ಮೇಲಿದೆ’ ಎಂದು ಉತ್ತರ ಬಂದರೆ, ಕೇಳಿದವರು ಅಲ್ಲಿಗೆ ಕೈ ತಡೆಯಬೇಕು. ಪ್ರಶ್ನೆಯನ್ನೇ ಬದಲಿಸಿ ‘ಯಾವ ಯಾವ ಕೆಲಸ ಮಾಡ್ತಿದ್ರಿ?’ ಎಂದು ಕೇಳಿದರೆ ಏನು ಉಳಿಸಬೇಕೆಂಬುದು ತಾನಾಗಿ ತಿಳಿಯುತ್ತದೆ. ಹಾರ್ಡ್‌ಡಿಸ್ಕ್ ಕಾಲದಲ್ಲಿ ಈ ತಪ್ಪಿಗೆ ಸ್ವಲ್ಪ ಕ್ಷಮೆ ಇತ್ತು. ಕ್ವಿಕ್ ಫಾರ್ಮ್ಯಾಟ್ ಪಟ್ಟಿಯನ್ನಷ್ಟೇ ಅಳಿಸುತ್ತಿತ್ತು, ಫೈಲುಗಳ ಒಡಲು ಅಲ್ಲೇ ಉಳಿದು ರಿಕವರಿ ತಂತ್ರಾಂಶಗಳಿಗೆ ಸಿಗುತ್ತಿತ್ತು. ಎಸ್‌ಎಸ್‌ಡಿಯಲ್ಲಿ ಆ ಕ್ಷಮೆ ಇಲ್ಲ. 2009ರ ವಿಂಡೋಸ್ 7ರಿಂದ ಬಂದ ಟ್ರಿಮ್ ಎಂಬ ಆದೇಶ, ಖಾಲಿಯಾದ ಜಾಗಗಳ ವಿವರವನ್ನು ಡಿಸ್ಕಿಗೆ ತಿಳಿಸುತ್ತದೆ. ಡಿಸ್ಕ್ ತನ್ನ ಬಿಡುವಿನಲ್ಲಿ ಅವನ್ನು ನಿಜವಾಗಿಯೇ ತೊಳೆದುಬಿಡುತ್ತದೆ. ಫಾರ್ಮ್ಯಾಟ್ ಆದ ಎಸ್‌ಎಸ್‌ಡಿಯನ್ನು ಹಿಡಿದು ಡೇಟಾ ರಿಕವರಿಗೆ ಅಲೆಯುವವರಿಗೆ ಕೈಗೆ ಏನೂ ಸಿಗದಿರುವುದು ಇದರಿಂದಲೇ. ವೇಗಕ್ಕೆಂದು ಎಲ್ಲರೂ ಎಸ್‌ಎಸ್‌ಡಿ ಹಾಕಿಸಿಕೊಳ್ಳುತ್ತಿರುವ ಈ ದಿನಗಳಲ್ಲಿ ಹಾರ್ಡ್‌ಡಿಸ್ಕ್ ಕಾಲದ ಧೈರ್ಯವನ್ನು ಬಿಡಲೇಬೇಕು.

ವೈರಸ್ ಹೊಕ್ಕ ಯಂತ್ರಕ್ಕೆ ಫಾರ್ಮ್ಯಾಟೇ ಮದ್ದು ಎಂಬುದು ಮೂರನೆಯ ಆಕ್ಷೇಪ, ಅದನ್ನು ಒಪ್ಪಬೇಕು. 2017ರ ಜೂನ್ 27ರಂದು ಉಕ್ರೇನಿನಿಂದ ಹರಡಿದ ನಾಟ್‌ಪೆಟ್ಯಾ ಎಂಬ ಕುತಂತ್ರಾಂಶ, ಡಿಸ್ಕಿನ ಮೊದಲ ಭಾಗವನ್ನೇ ತಿದ್ದಿ, ಚೆಕ್‌ಡಿಸ್ಕ್ ನಡೆಯುತ್ತಿರುವಂತೆ ನಟಿಸುತ್ತ ಒಳಗೆ ಫೈಲುಗಳ ಪಟ್ಟಿಯನ್ನು ಗೂಢಲಿಪಿಗೆ ತಿರುಗಿಸುತ್ತಿತ್ತು. ಹಡಗು ಸಾಗಣೆಯ ದೈತ್ಯ ಸಂಸ್ಥೆ ಮಾರ್ಸ್ಕ್ ಇದಕ್ಕೆ ಸಿಕ್ಕಿತು. ಮುಂಬೈ ಬಳಿಯ ಜವಾಹರಲಾಲ್ ನೆಹರೂ ಬಂದರಿನಲ್ಲಿ ಅದರ ಟರ್ಮಿನಲ್ ಕೆಲಸವೂ ಅಸ್ತವ್ಯಸ್ತವಾಯಿತು. ಸಂಸ್ಥೆ ಹತ್ತು ದಿನಗಳಲ್ಲಿ 45,000 ಪಿಸಿ, 4,000 ಸರ್ವರ್‌ಗಳನ್ನು ಹೊಸದಾಗಿ ಸಜ್ಜುಗೊಳಿಸಿತು ಎಂದು ಅದರ ಅಧ್ಯಕ್ಷರು ಮುಂದೆ ಹೇಳಿದರು. ಅಷ್ಟನ್ನೂ ಹೊಸದಾಗಿ ಹಾಕಲು ಸಾಧ್ಯವಾಯಿತು, ಆದರೆ ಯಾರು ಯಾವುದನ್ನು ಬಳಸಬಹುದು ಎಂಬ ಇಡೀ ಜಾಲದ ದಾಖಲೆಯನ್ನು ಎಲ್ಲಿಂದಲೂ ಹೊಸದಾಗಿ ತರಲಾಗುತ್ತಿರಲಿಲ್ಲ. ಅದರ ಒಂದೇ ಒಂದು ಪ್ರತಿ ಉಳಿದದ್ದು ಘಾನಾದ ಕಚೇರಿಯಲ್ಲಿ. ದಾಳಿಯ ಹೊತ್ತಿಗೆ ಅಲ್ಲಿ ಕರೆಂಟ್ ಹೋಗಿದ್ದರಿಂದ ಅದು ಬಚಾವಾಗಿತ್ತು. ಓಎಸ್ ಮಾರುಕಟ್ಟೆಯಲ್ಲಿ ಸಿಗುತ್ತದೆ, ಎಷ್ಟು ಸಲ ಬೇಕಾದರೂ ಹಾಕಬಹುದು. ಮರಳಿ ತರಲಾಗದ್ದು ಒಬ್ಬೊಬ್ಬರದೇ ಆದ ದಾಖಲೆ. ಸೋಂಕು ತಗುಲಿದ ಯಂತ್ರದಲ್ಲೂ ಮೊದಲು ಪೆನ್‌ಡ್ರೈವ್ ಲಿನಕ್ಸಿನಿಂದ ದಾಖಲೆಗಳನ್ನು ಹೊರತೆಗೆದು, ಆಮೇಲೆ ಡಿಸ್ಕನ್ನು ಒರೆಸುವುದೇ ಕ್ರಮ.

ಈ ವಾದವನ್ನು ನಿಜಕ್ಕೂ ಅಲುಗಾಡಿಸಬಲ್ಲದ್ದು ಎನ್‌ಕ್ರಿಪ್ಶನ್, ಅಂದರೆ ಇಡೀ ಡಿಸ್ಕನ್ನು ಗೂಢಲಿಪಿಯಲ್ಲಿಡುವುದು. ಫೈಲುಗಳು ಇದ್ದಲ್ಲೇ ಇವೆ ಎಂದ ಮಾತು, ಅವನ್ನು ಓದುವ ಬೀಗದ ಕೈ ಇದ್ದರೆ ಮಾತ್ರ ನಿಜ. ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ, ಹೊಸದಾಗಿ ಹಾಕಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಬಂದರೆ, ಬಹುತೇಕ ಯಂತ್ರಗಳಲ್ಲಿ ಡಿಸ್ಕ್ ತಾನಾಗಿ ಎನ್‌ಕ್ರಿಪ್ಟ್ ಆಗುತ್ತದೆ. ಲ್ಯಾಪ್‌ಟಾಪ್ ಕಳುವಾದವರಿಗೆ ಇದು ದೊಡ್ಡ ರಕ್ಷಣೆ. ಮದರ್‌ಬೋರ್ಡ್ ಬದಲಾದಾಗ, ಕೆಲವೊಮ್ಮೆ ಬಯೋಸ್ ಅಪ್‌ಡೇಟ್ ಆದಾಗಲೂ, ಅದೇ ಯಂತ್ರ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರಿಗೆ ಹಾಕಿದರೂ, ಲಿನಕ್ಸಿನಿಂದ ತೆರೆದರೂ ಕೇಳುವುದು ಅದನ್ನೇ. ಕ್ರೌಡ್‌ಸ್ಟ್ರೈಕ್ ದಿನ ಅನೇಕ ಕಚೇರಿಗಳು ತಡವರಿಸಿದ್ದು ಇಲ್ಲೇ: ಫೈಲು ಅಳಿಸುವುದು ಎರಡು ನಿಮಿಷದ ಕೆಲಸ, ಪ್ರತಿ ಯಂತ್ರಕ್ಕೂ ಅದರದೇ 48 ಅಂಕಿ ಹುಡುಕಿ ಟೈಪ್ ಮಾಡುವುದು ಸುದೀರ್ಘ ಕೆಲಸ. ಆಪಲ್‌ನ ಈಚಿನ ಮ್ಯಾಕ್‌ಗಳಲ್ಲಿ ಶೇಖರಣೆ ಅದೇ ಯಂತ್ರದ ಚಿಪ್ಪಿಗೆ ಕಟ್ಟುಬಿದ್ದಿರುತ್ತದೆ, ಹೊರತೆಗೆದು ಓದುವ ಮಾತೇ ಇಲ್ಲ. ಆದರೂ ಆಪಲ್ ಅಲ್ಲಿ ಒಂದು ಒಳ್ಳೆಯ ಭೇದ ಇಟ್ಟಿದೆ. ಏಳದ ಮ್ಯಾಕನ್ನು ಇನ್ನೊಂದು ಮ್ಯಾಕಿಗೆ ಕೇಬಲ್ಲಿನಿಂದ ಜೋಡಿಸಿದಾಗ ‘ರಿವೈವ್’, ‘ರಿಸ್ಟೋರ್’ ಎಂಬ ಎರಡು ಆಯ್ಕೆ ಬರುತ್ತವೆ. ಮೊದಲನೆಯದು ಫರ್ಮ್‌ವೇರನ್ನು ಸರಿಪಡಿಸಿ ಫೈಲುಗಳನ್ನು ಮುಟ್ಟದೆ ಬಿಡುತ್ತದೆ, ಎರಡನೆಯದು ಎಲ್ಲವನ್ನೂ ಅಳಿಸುತ್ತದೆ. ಮೊದಲನೆಯದನ್ನು ಪ್ರಯತ್ನಿಸಿದ ಮೇಲೆಯೇ ಎರಡನೆಯದು. ನಮ್ಮ ಅಂಗಡಿಗಳ ಭಾಷೆಯಲ್ಲೂ ಇಂಥ ಎರಡು ಬೇರೆ ಪದಗಳು ಬೇಕಾಗಿವೆ.

‘ಎಲ್ಲ ಕ್ಲೌಡಿನಲ್ಲಿದೆ’ ಎನ್ನುವವರಿಗೆ ಉತ್ತರ ಚಿಕ್ಕದು. ಉಚಿತವಾಗಿ ಸಿಗುವುದು ಗೂಗಲ್‌ನಲ್ಲಿ 15 ಜಿಬಿ, ಒನ್‌ಡ್ರೈವಿನಲ್ಲಿ 5. ತುಂಬಿದ ದಿನದಿಂದ ಹೊಸ ಫೈಲುಗಳು ಮೇಲೇರುವುದು ನಿಂತಿರುತ್ತದೆ, ಅದರ ಸೂಚನೆಯನ್ನು ಎಷ್ಟೋ ಜನ ಗಮನಿಸಿರುವುದಿಲ್ಲ. ಇಲ್ಲಿ ಅಳಿದದ್ದು ಅಲ್ಲೂ ಅಳಿಯುವುದು ಸಿಂಕ್‌ನ ಗುಣ, ಅದನ್ನು ಬ್ಯಾಕಪ್ ಎಂದು ನೆಚ್ಚಲಾಗದು.

ಹಾಗಾಗಿ ಯಂತ್ರ ಸರಿಯಾಗಿ ಓಡುತ್ತಿರುವ ಒಂದು ಸಂಜೆ ಅರ್ಧ ಗಂಟೆ ಇದಕ್ಕೆ ಕೊಡಬೇಕು. ಮೈಕ್ರೋಸಾಫ್ಟ್ ಖಾತೆಯ ಪುಟಕ್ಕೆ ಹೋಗಿ ಆ 48 ಅಂಕಿಗಳು ಅಲ್ಲಿವೆಯೇ ಎಂದು ನೋಡಿ, ಕಾಗದದ ಮೇಲೆ ಬರೆದು, ಕಂಪ್ಯೂಟರಿನ ಬಿಲ್ಲು, ವಾರಂಟಿ ಕಾರ್ಡಿನ ಜೊತೆ ಬೀರುವಿನಲ್ಲಿಡಬೇಕು. ಬಯೋಸ್ ತೆರೆದು ಡಿಸ್ಕ್ ಸೆಟ್ಟಿಂಗ್ ಇರುವ ಪುಟದ ಫೋಟೋ ತೆಗೆದಿಟ್ಟುಕೊಳ್ಳಬೇಕು. ಫಾಂಟುಗಳ ಫೋಲ್ಡರ್, ಟ್ಯಾಲಿಯ ಡೇಟಾ, ಡೆಸ್ಕ್‌ಟಾಪ್ ಮೂರನ್ನೂ ಹೊರಗಿನ ಡಿಸ್ಕಿಗೆ ನಕಲು ಮಾಡಿ, ಆ ಡಿಸ್ಕನ್ನು ಕಂಪ್ಯೂಟರಿನಿಂದ ಕಿತ್ತಿಡಬೇಕು. ಒಂದು ಪೆನ್‌ಡ್ರೈವಿಗೆ ಲೈವ್ ಲಿನಕ್ಸ್ ಹಾಕಿ, ಅದರಿಂದ ಯಂತ್ರ ಏಳುತ್ತದೆಯೇ ಎಂದು ಅದೇ ಸಂಜೆ ಒಮ್ಮೆ ಪರೀಕ್ಷಿಸಿ, ಅದರ ಮೇಲೆ ಹೆಸರು ಬರೆದು ಅಂಟಿಸಬೇಕು; ಇಲ್ಲದಿದ್ದರೆ ಸಿನಿಮಾ ತುಂಬಿಸಲು ಯಾರಾದರೂ ಅದನ್ನೂ ಫಾರ್ಮ್ಯಾಟ್ ಮಾಡಿಬಿಡುತ್ತಾರೆ.